ಪ್ರಾಚಿಯ ಎಡಗೈ, ಪದ್ಮಾಳ ಸಹಿ

ಕಳೆದ ವಾರ ಇದೇ ಜಾಗದಲ್ಲಿ ನಾನು ನಿಮಗೊಂದು ಸುಳ್ಳು ಹೇಳಿದೆ.

ಬೇಕೆಂದೇ ಹೇಳಿದ್ದಲ್ಲ. ಕಣ್ಣಾರೆ ಕಂಡದ್ದನ್ನೇ ಬರೆದಿದ್ದೆ. ಆದರೆ ಕಣ್ಣಿಗೆ ಕಂಡದ್ದೆಲ್ಲ ನಿಜ ಅಂತ ಯಾರು ಹೇಳಿದರು? ಓದುಗರೊಬ್ಬರು ಫೋನ್ ಮಾಡಿ, "ಭಾಳ ಛಲೋ ಬರದೀರಿ ಮೇಡಂ, ಕಣ್ಣಾಗ ನೀರು ಬಂದ್ವು" ಅಂದಿದ್ದರು. (ಅವರ ಕಣ್ಣೀರಿಗೂ ಇವತ್ತೇ ಕ್ಷಮೆ ಕೇಳಿಬಿಡುತ್ತೇನೆ.)

ಓದದೇ ಇದ್ದವರಿಗಾಗಿ ಮೊದಲಿನಿಂದ ಹೇಳುತ್ತೇನೆ.

ನಮ್ಮ ಶಿವಬಸವ ನಗರದಲ್ಲಿ ಹುಡುಗಿಯರದ್ದೊಂದು ಬಾಸ್ಕೆಟ್‌ಬಾಲ್ ತಂಡ ಇದೆ. ಬೆಳಗಾವಿಯ ಎಂಟು ತಂಡಗಳು ಸೇರಿ ಲೀಗ್ ಆಡುತ್ತೇವೆ. ಭಾನುವಾರಕ್ಕೊಂದು ಮ್ಯಾಚ್. ಕೋಚ್ ಪಾಟೀಲ ಸರ್. ಆಯ್ಕೆ ಸಮಿತಿ ಅಂತಲೂ ಒಂದಿದೆ. ಸಮಿತಿ ಅಂದರೆ ಬೇರೇನಿಲ್ಲ, ಪಾಟೀಲ ಸರ್, ನಾನು, ನಮ್ಮಿಬ್ಬರ ನಡುವೆ ಒಂದು ಚಹಾದ ಫ್ಲಾಸ್ಕ್. ನನ್ನನ್ನು ಯಾಕೆ ತೆಗೆದುಕೊಂಡರು? ಕಾಲೇಜಿನಲ್ಲಿದ್ದಾಗ ಆಡಿದ್ದೆ ಎಂಬುದು ಒಂದು ಕಾರಣ. ಬೇಡ ಅಂದರೂ ಬಂದು ಕೂತು ಸಲಹೆ ಕೊಡುತ್ತಿದ್ದೆ ಎಂಬುದು ಎರಡನೆಯದು. ಹುದ್ದೆ ಕೊಟ್ಟರೆ ಸುಮ್ಮನಾದಾಳು ಅಂದುಕೊಂಡಿರಬೇಕು, ಪಾಪ.

ಲೀಗಿನ ನಿಯಮ ಕಟ್ಟುನಿಟ್ಟು. ಶುರುವಿನಲ್ಲೇ ಹನ್ನೆರಡು ಹೆಸರಿನ ಪಟ್ಟಿ ಕೊಡಬೇಕು. ಅರ್ಧ ಲೀಗ್ ಮುಗಿದ ಮೇಲೆ ಒಂದೇ ಒಂದು ಬದಲಾವಣೆ ಮಾಡಬಹುದು. ಅದಕ್ಕೊಂದು ಫಾರ್ಮ್ ಇದೆ. ಹೊರಗೆ ಹೋಗುವವಳೂ ಸಹಿ ಮಾಡಬೇಕು, ಒಳಗೆ ಬರುವವಳೂ ಸಹಿ ಮಾಡಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಫಾರ್ಮ್ ರದ್ದಿ. ಕೊಟ್ಟ ಮೇಲೆ ಹೊರಗೆ ಹೋದವಳು ಈ ವರ್ಷ ಮತ್ತೆ ಅಂಗಳಕ್ಕಿಳಿಯುವಂತಿಲ್ಲ.

ಈ ಸಲ ಆ ಒಂದು ಜಾಗ ಯಾರಿಗೆ ಅನ್ನುವುದರಲ್ಲಿ ಪ್ರಶ್ನೆಯೇ ಇರಲಿಲ್ಲ. ಪ್ರಾಚಿ!

ಪ್ರಾಚಿ ಖಾನಾಪುರದ ಹುಡುಗಿ, ವಯಸ್ಸು ಇಪ್ಪತ್ತೆರಡು. ನಮ್ಮ ತಂಡದ ಸ್ಟಾರ್ ಅಂದರೆ ಅವಳೇ. ಚೆಂಡು ಅವಳ ಕೈಗೆ ಬಂದರೆ ಅಂಗಳದ ಸುತ್ತ ಕಡಲೆಕಾಯಿ ತಿನ್ನುವವರೂ ಕೈ ನಿಲ್ಲಿಸುತ್ತಾರೆ. ಕಳೆದ ವರ್ಷ ಒಂದು ಮ್ಯಾಚಿನಲ್ಲಿ ಜಿಗಿದು ಇಳಿಯುವಾಗ ಎಡ ಮೊಣಕಾಲು ತಿರುಚಿತು. ಲಿಗಮೆಂಟ್ ಹರಿದಿತ್ತು. ಆಪರೇಷನ್ ಆಯಿತು, ಹತ್ತು ತಿಂಗಳು ಮನೆಯಲ್ಲಿ ಕೂತಳು. ಈಗ ಡಾಕ್ಟರು "ನಿಧಾನವಾಗಿ ಆಟಕ್ಕೆ ಮರಳಬಹುದು" ಅಂದಿದ್ದರು. ನಾವು "ಮರಳಬಹುದು" ಅನ್ನುವುದನ್ನಷ್ಟೇ ಕೇಳಿಸಿಕೊಂಡೆವು.

ಹೋದ ವಾರ ಸೋಮವಾರ ಸಂಜೆ ಅವಳನ್ನು ಕರೆಸಿ ಟ್ರಯಲ್ ಮಾಡಿದೆವು. ಖಾನಾಪುರದ ಬಸ್ಸಿಳಿದು ಬಂದವಳೇ ಬೂಟು ಕಟ್ಟಿಕೊಂಡಳು. ಓಡಿದಳು, ಚೆಂಡು ಪುಟಿಸಿದಳು. ಎಡಗಡೆಯಿಂದ ನುಗ್ಗಿ ಬಂದು ಎಡಗೈಯಲ್ಲಿ ಲೇಅಪ್ ಹಾಕಿದಳು. (ಗೊತ್ತಿಲ್ಲದವರಿಗೆ: ಓಡುತ್ತಾ ಬಂದು, ಒಂದು ಕಾಲಿನ ಮೇಲೆ ಜಿಗಿದು, ಚೆಂಡನ್ನು ಬಾಸ್ಕೆಟ್ಟಿನೊಳಗೆ ಇಟ್ಟು ಬರುವುದು.) ಒಂದಲ್ಲ, ಹತ್ತು ಹಾಕಿದಳು. ಹತ್ತೂ ಎಡಗೈ, ಹತ್ತೂ ಒಳಗೆ. ಮೊದಲು ಇವಳ ಎಡಗೈ ಊಟದ ಹೊತ್ತಿಗೆ ನೀರಿನ ಲೋಟ ಹಿಡಿಯುವುದಕ್ಕಷ್ಟೇ ಇತ್ತು.

ಪಾಟೀಲ ಸರ್ ಬಾಯಿಂದ ಸೀಟಿ ಜಾರಿತು.

"ನೋಡಿದ್ರಿಲ್ಲೋ ಮೇಡಂ? ಹತ್ತು ತಿಂಗಳು ಆಕಿ ಸುಮ್ನ ಕುಂತಿಲ್ಲ. ಎಡಗೈ ಪಳಗಿಸ್ಯಾಳ್ರಿ ಹುಡುಗಿ!"

ನಾನು ಆ ರಾತ್ರಿಯೇ ಕೂತು ಬರೆದೆ. ಬುಧವಾರ ನೀವು ಓದಿದಿರಿ. "ಗಾಯ ಕಲಿಸಿದ ಎಡಗೈ" ಅಂತ ತಲೆಬರಹ ಬೇರೆ. ಬದುಕು ಒಂದು ಬಾಗಿಲು ಮುಚ್ಚಿದರೆ ಹೀಗೆ, ಹಾಗೆ ಅಂತ ನಾಲ್ಕು ಪ್ಯಾರಾ ಉಪದೇಶ. ಈಗ ಓದಿದರೆ ಮೈ ಉರಿಯುತ್ತದೆ.

ಇನ್ನು ಹೊರಗೆ ಹೋಗುವುದು ಯಾರು? ಅದೂ ನಿರ್ಧಾರವಾಗಿಯೇ ಇತ್ತು. ಪದ್ಮಾ.

ಪದ್ಮಾ ರವಿವಾರ ಪೇಟೆಯ ಬೆಲ್ಲದ ವ್ಯಾಪಾರಿಯೊಬ್ಬರ ಮಗಳು. ಹತ್ತೊಂಬತ್ತು ವರ್ಷ, ಮಾತು ಕಡಿಮೆ. ಪ್ರಾಚಿ ಬಿದ್ದಾಗ ಅವಳ ಜಾಗಕ್ಕೆ ಬಂದವಳು. ಈ ವರ್ಷದ ನಾಲ್ಕು ಮ್ಯಾಚ್ ಆಡಿದ್ದಾಳೆ. ಅದ್ಭುತ ಆಟ ಅಂತ ಹೇಳಲಾರೆ, ಆದರೆ ಚೆಂಡಿಗಾಗಿ ಸಿಮೆಂಟಿನ ಮೇಲೆ ಉರುಳಾಡಲು ಹಿಂದೆ ಮುಂದೆ ನೋಡುವುದಿಲ್ಲ. ಮೊಣಕೈ ತುಂಬ ಕಲೆ. ಮನೆಯವರು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಪ್ರ್ಯಾಕ್ಟೀಸ್ ಮುಗಿಸಿ ಮನೆಗೆ ಹೋಗುವಷ್ಟರಲ್ಲಿ ಕತ್ತಲಾಗುತ್ತದೆ. ಹಾಗಾಗಿ ದಿನಾ ಸಂಜೆ ಬಿಸಿಲಿರುವಾಗಲೇ ಅಂಗಳದ ಅಂಚಿನಲ್ಲಿ, ಬಾಸ್ಕೆಟ್ಟಿನ ಕಂಬದ ಬುಡದಲ್ಲಿ ಕೂತು ಡಬ್ಬಿ ಬಿಚ್ಚುತ್ತಾಳೆ. ರೊಟ್ಟಿ, ಹೆಸರುಕಾಳಿನ ಪಲ್ಯ. ಹತ್ತು ನಿಮಿಷ ಅವಳನ್ನು ಯಾರೂ ಕರೆಯುವುದಿಲ್ಲ. ಪಾಟೀಲ ಸರ್ ಕೂಡ.

ಗುರುವಾರ ಸಂಜೆ ಅವಳಿಗೆ ವಿಷಯ ಹೇಳಬೇಕಿತ್ತು.

"ನೀವ ಹೇಳ್ರಿ ಮೇಡಂ. ಹೆಣ್ಣಮಕ್ಕಳಿಗೆ ಹೆಣ್ಣಮಕ್ಕಳ ಹೇಳಿದ್ರ ಚಂದ" ಅಂದರು ಸರ್. ಅಷ್ಟೆತ್ತರದ ಗಂಡಸು, ನೋಡಿ! ಹೇಳಿ ಚೆಂಡಿಗೆ ಗಾಳಿ ತುಂಬಲು ಹೋಗಿಬಿಟ್ಟರು. ಆ ಚೆಂಡಿಗೆ ಗಾಳಿ ಮೊದಲೇ ಸರಿಯಾಗಿತ್ತು.

ನಾನು ಹೋಗಿ ಪದ್ಮಾಳ ಪಕ್ಕ ಕೂತೆ. ಮೆಲ್ಲಗೆ ಹೇಳಿದೆ. ಪ್ರಾಚಿ ಬರುತ್ತಿದ್ದಾಳೆ, ಬದಲಾವಣೆ ಒಂದೇ, ನಿನ್ನ ಹೆಸರು ತೆಗೆಯಬೇಕಾಗಿದೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಮೇಡಂ, ಪ್ರಾಚಿ ಅಕ್ಕಂದು..." ಅಂತ ಶುರು ಮಾಡಿದಳು.

ನಾನು ಬೆನ್ನು ತಟ್ಟಿದೆ. "ಗೊತ್ತೈತವಾ. ನಿನ್ನ ಸಂಕಟ ನನಗ ತಿಳೀತೈತಿ. ನನ್ನೂ ಒಂದ ಸಲ ಟೀಮಿನಿಂದ ತಗದಿದ್ರು. ಮನಸ್ಸು ದೊಡ್ಡದ ಮಾಡ್ಕೋಬೇಕು. ಮುಂದಿನ ವರ್ಷ ನಿಂದ."

ಅವಳು ನನ್ನನ್ನೇ ನೋಡಿದಳು. ಉಳಿದ ರೊಟ್ಟಿ ಮುಗಿಸಿದಳು, ಕೈ ತೊಳೆದು ಬಂದಳು, ಪೆನ್ನು ಕೇಳಿ ಫಾರ್ಮಿನಲ್ಲಿ ಸಹಿ ಮಾಡಿದಳು. ಗುಂಡಗಿನ ಅಕ್ಷರ, ಪೂರ್ತಿ ಹೆಸರು. ಫಾರ್ಮ್ ನನ್ನ ಕೈಗೆ ಕೊಡುತ್ತಾ, "ನಾಳೆ ಪ್ರಾಚಿ ಅಕ್ಕನ ಸಹಿ ತಗೊಳ್ಳಾಕ ಖಾನಾಪುರಕ್ಕ ಹೊಂಟೀರಲ್ರಿ? ನಾನೂ ಬರ್ಲೇನ್ರಿ?" ಅಂದಳು.

ಎಂಥ ದೊಡ್ಡ ಮನಸ್ಸು! ಮುಂದಿನ ವಾರದ ಅಂಕಣಕ್ಕೆ ಶೀರ್ಷಿಕೆಯೂ ಅಲ್ಲೇ ಹೊಳೆಯಿತು. (ನಮ್ಮಂಥವರ ಕೆಟ್ಟ ಚಾಳಿ ಇದು. ಎದುರಿಗಿದ್ದವರು ಅಳುತ್ತಿದ್ದರೂ ನಾವು ಮನಸ್ಸಿನಲ್ಲೇ ಪ್ಯಾರಾ ಕತ್ತರಿಸುತ್ತಿರುತ್ತೇವೆ.)

ಶುಕ್ರವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಸೋಲು, ಗೆಲುವು, ತ್ಯಾಗ, ತಂಡ. ಪದ್ಮಾ "ಹೂಂ ರೀ, ಹೂಂ ರೀ" ಅನ್ನುತ್ತಿದ್ದಳು.

ಪ್ರಾಚಿಯ ಅಪ್ಪ ನಾಮದೇವ ಹಂಚು ಮತ್ತು ಮಣ್ಣಿನ ಕುಂಡ ಮಾಡುವವರು. ಮನೆಯ ಮುಂದೆಯೇ ಅಂಗಳ, ಅಂಗಳದ ತುಂಬ ಒಣಗಲು ಇಟ್ಟ ಕುಂಡಗಳು. "ಬಸಾ, ಬಸಾ" ಅಂತ ತಾಯಿ ಮರಾಠಿಯಲ್ಲಿ ಉಪಚಾರ ಮಾಡುತ್ತ ಚಾಪೆ ಹಾಸಿ, ಚಹಾಕ್ಕೆ ನೀರಿಟ್ಟರು. ನಾಮದೇವ ಮಾತ್ರ ನಮ್ಮ ಭಾಷೆಯಲ್ಲೇ ಶುರು ಮಾಡಿದರು.

"ಬರ್ರಿ ಮೇಡಂ, ಕುಂದರ್ರಿ. ಅಲ್ಲಿ ನೋಡ್ರಿ ಮೊದಲು!"

ನೋಡಿದೆ. ಗೋಡೆಯ ಮೇಲೆ ನನ್ನ ಅಂಕಣ. ಎರಡೇ ದಿನದಲ್ಲಿ ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ, ಮೊಳೆ ಹೊಡೆದು ತೂಗುಹಾಕಿದ್ದರು. ದೇವರ ಫೋಟೋದ ಬಾಜುವಿಗೇ.

"ಗಲ್ಲಿ ತುಂಬ ತೋರ್ಸೇನ್ರಿ. ಕನ್ನಡ ಓದಾಕ ಬರ್ದವ್ರಿಗೆ ಮರಾಠಿಯೊಳಗ ಹೇಳೇನಿ. ರವಿವಾರ ಮ್ಯಾಚಿಗೆ ಎರಡು ಟೆಂಪೋ ಮಂದಿ ಬರಾಕ ಹತ್ಯಾರ!"

ನಾನು ಉಬ್ಬಿ ಹೋದೆ, ಸುಳ್ಳು ಯಾಕೆ ಹೇಳಲಿ. ಪ್ರಾಚಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಫಾರ್ಮ್ ತೆಗೆದು ಚಾಪೆಯ ಮೇಲಿಟ್ಟೆ. ಅವಳು ಬಂದು ಕೂತು ಪೆನ್ನು ತೆಗೆದುಕೊಂಡಳು.

ಆಗ ಪದ್ಮಾ ಅಂದಳು: "ಅಕ್ಕಾ, ಸಹಿ ಆಮ್ಯಾಲ ಮಾಡು. ಮೊದಲ ಹೊರಗ ಬಾ. ಒಂದ ಒಂದು ಲೇಅಪ್ ಹಾಕು. ಬಲಗೈಲೆ."

ಪ್ರಾಚಿಯ ನಗು ನಿಂತಿತು.

"ಈಗ್ಯಾಕ?" ಅಂದಳು.

"ಒಂದ ಅಕ್ಕಾ."

ಮನೆಯ ಹಿತ್ತಲಲ್ಲಿ ಮಾವಿನ ಮರಕ್ಕೆ ನಾಮದೇವ ಬಿಗಿದ ಕಬ್ಬಿಣದ ರಿಂಗ್ ಇತ್ತು. ಮಗಳು ಆರನೇ ಇಯತ್ತೆಯಲ್ಲಿದ್ದಾಗ ಮಾಡಿಸಿದ್ದಂತೆ. ಎಲ್ಲರೂ ಅಲ್ಲಿಗೆ ಹೋದೆವು. ನನಗಿನ್ನೂ ಏನೂ ಹೊಳೆದಿರಲಿಲ್ಲ. ಪದ್ಮಾಳಿಗೆ ಸ್ವಲ್ಪ ಸಿಟ್ಟು ಉಳಿದಿರಬೇಕು, ತೀರಿಸಿಕೊಳ್ಳಲಿ ಅಂದುಕೊಂಡೆ.

ರಿಂಗಿನ ಕೆಳಗಿನ ನೆಲ ನೋಡಿದ್ದು ಆಮೇಲೆ. ಎಡಗಡೆಯ ಮಣ್ಣು ತುಳಿದು ತುಳಿದು ಸಾರಿಸಿದ ಹಾಗೆ ನುಣ್ಣಗಾಗಿತ್ತು. ಬಲಗಡೆ ಮೊಳದುದ್ದ ಹುಲ್ಲು ಬೆಳೆದಿತ್ತು.

ಪ್ರಾಚಿ ಬಲಗಡೆಗೆ ಹೋಗಿ ನಿಂತಳು. ಚೆಂಡು ಪುಟಿಸಿದಳು, ಎರಡು ಹೆಜ್ಜೆ ಹಾಕಿದಳು, ಜಿಗಿಯಬೇಕಾದ ಕಡೆ ನಿಂತುಬಿಟ್ಟಳು. ಮತ್ತೆ ಹಿಂದೆ ಹೋಗಿ ಬಂದಳು. ಈ ಸಲ ಕೊನೆಯ ಹೆಜ್ಜೆ ಬದಲಿಸಿದಳು, ಚೆಂಡು ಎಡಗೈಗೆ ದಾಟಿತು, ಸಲೀಸಾಗಿ ಒಳಗೆ ಬಿತ್ತು.

"ಅದಲ್ಲ ಅಕ್ಕಾ" ಅಂದಳು ಪದ್ಮಾ.

ಆಗ ನನ್ನ ತಲೆಗೆ ಹೋಯಿತು. ಬಲಗೈಯಲ್ಲಿ ಲೇಅಪ್ ಹಾಕಬೇಕಾದರೆ ಎಡಗಾಲಿನ ಮೇಲೆ ಜಿಗಿಯಬೇಕು. ಎಡಗೈಯಲ್ಲಿ ಹಾಕುವಾಗ ಬಲಗಾಲು. ಆಟ ಕಲಿಯುವ ಮೊದಲ ದಿನ ಮಕ್ಕಳಿಗೆ ಹೇಳಿಕೊಡುವ ಪಾಠ ಇದು, ನಾನೇ ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ! ಹುಡುಗಿ ಹೊಸ ಕೈ ಕಲಿತಿರಲಿಲ್ಲ. ಹಳೆ ಕಾಲನ್ನು ಅಡಗಿಸುತ್ತಿದ್ದಳು. ನಾವು ಅದನ್ನೇ ಹೊಸ ವಿದ್ಯೆ ಅಂತ ಚಪ್ಪಾಳೆ ತಟ್ಟಿ ಪೇಪರಿನಲ್ಲಿ ಹಾಕಿದ್ದೆವು.

ಪ್ರಾಚಿ ಚೆಂಡನ್ನು ನೆಲಕ್ಕೆ ಬಡಿದಳು. ಮುಖ ಕೆಂಪಾಗಿತ್ತು.

"ನಿನ್ನ ಜಾಗಾ ಹೊಕ್ಕೈತಂತ ಇಷ್ಟ ದೂರ ಬಂದಿಯೇನ ಇದನ್ನ ತೋರಿಸಾಕ?"

"ಜಾಗಾ ನಿನ್ನೆನ ಬಿಟ್ಟೇನಿ ಅಕ್ಕಾ" ಅಂದಳು ಪದ್ಮಾ. "ಫಾರ್ಮಿನಾಗ ನನ್ನ ಸಹಿ ಐತಿ, ನೋಡ್ಕೋ. ಅದಕ್ಕ ಮೊದಲ ಸಹಿ ಮಾಡೇನಿ. ಈಗ ಹೇಳಿದ್ರ ಜಾಗಾದ ಸಲುವಾಗಿ ಹೇಳಾಕತ್ಯಾಳ ಅಂತ ಯಾರೂ ಅನ್ನಾಂಗಿಲ್ಲಲ್ಲ? ಸೋಮವಾರ ನಾ ಕಂಬದ ಬುಡಕ ಕುಂತು ಉಣ್ಣಾಕತ್ತಿದ್ದೆ. ಎಲ್ಲಾರೂ ಮ್ಯಾಲ ನೋಡಾಕತ್ತಿದ್ರು. ನನ್ನ ಕಣ್ಣಮುಂದ ಬರೇ ನಿನ್ನ ಬೂಟು. ಹತ್ತಕ್ಕ ಹತ್ತೂ ಬಲಗಾಲಿನ ಮ್ಯಾಲ ಜಿಗದಿ. ರವಿವಾರ ಕ್ಯಾಂಪಿನ ಟೀಮಿನ ಹುಡಿಗ್ಯಾರು ಒಂದ ಸಲ ಎಡಗಡೆ ದಾರಿ ಕಟ್ಟಿದ್ರಂದ್ರ ನೀ ಬಲಕ್ಕ ಹೋಗಬೇಕಾಗ್ತೈತಿ. ಆಗ ಏನ ಮಾಡಾಕಿ?"

ಪ್ರಾಚಿ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು.

"ಓಡಾಕ ಬರ್ತೈತ್ರಿ ಮೇಡಂ" ಅಂದಳು ನನ್ನ ಕಡೆ ನೋಡದೆ. "ಮೆಟ್ಟಲಾ ಹತ್ತಾಕ ಬರ್ತೈತಿ. ಎಡಗಾಲಿನ ಮ್ಯಾಲ ಜಿಗಿಬೇಕಂದ್ರ ಮಾತ್ರ ಕಾಲ ಕೇಳಂಗಿಲ್ಲ. ಅವತ್ತು ಮೊಣಕಾಲು ಹರಿಯೂ ಮುಂದ ಒಂದು ಸಪ್ಪಳಾ ಬಂದಿತ್ರಿ, ಅದು ಕಿವ್ಯಾಗ ಬರ್ತೈತಿ. ಟ್ರಯಲ್ ಆದಮ್ಯಾಲ ನಿಮಗ ಹೇಳಬೇಕಂತ ಮಾಡಿದ್ದೆ. ಬುಧವಾರ ಪೇಪರ್ ಬಂತು. ಅಪ್ಪ ಗಲ್ಲಿ ತುಂಬ ತೋರಿಸಿದ್ರು. ಆಮ್ಯಾಲ ಹ್ಯಾಂಗ ಹೇಳ್ಲಿ?"

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಆ ಲ್ಯಾಮಿನೇಷನ್ ಇರುವ ಗೋಡೆ ಹಿತ್ತಲಿಗೆ ಕಾಣುವುದಿಲ್ಲ ಅನ್ನುವುದೊಂದೇ ಸಮಾಧಾನ.

ನಾಮದೇವ ಬಹಳ ಹೊತ್ತು ಆ ಹುಲ್ಲನ್ನೇ ನೋಡುತ್ತಿದ್ದರು. ಆಮೇಲೆ ಅಂದರು: "ದಿನಾ ಇಲ್ಲೇ ಓಡ್ಯಾಡ್ತೇನ್ರಿ ನಾನು. ಈ ಹುಲ್ಲ ನೋಡೇನಿ. ಈ ಸಲ ದನಾ ಈ ಕಡೆ ಕಟ್ಟಿಲ್ಲ, ಅದಕ್ಕ ಬೆಳದೈತಿ ಅಂದ್ಕೊಂಡಿದ್ದೆ."

ತಾಯಿ ಚಹಾ ತಂದರು. ಏನಾಯಿತು ಅಂತ ಗಂಡನನ್ನು ಕೇಳಿದರು. ಅವರು ಮರಾಠಿಯಲ್ಲಿ ಎರಡೇ ಮಾತಿನಲ್ಲಿ ಹೇಳಿದರು. ಆಕೆ ಒಂದು ಕಪ್ಪು ಪದ್ಮಾಳಿಗೆ ಕೊಟ್ಟು, ಅವಳ ತಲೆಯ ಮೇಲೆ ಕೈಯಿಟ್ಟು, ಮಗಳ ಪಕ್ಕ ಹೋಗಿ ಕೂತರು. ಪ್ರಾಚಿ ಆಗ ಅತ್ತಳು. ಹತ್ತು ತಿಂಗಳಿನದ್ದೆಲ್ಲ ಸೇರಿಸಿ ಅತ್ತಳು ಅಂತ ನನಗನ್ನಿಸಿತು.

ಪ್ರಾಚಿ ಸಹಿ ಮಾಡಲಿಲ್ಲ. ಡಾಕ್ಟರ ಹತ್ತಿರ ಮತ್ತೆ ಹೋಗುತ್ತೇನೆ, ಈ ಸಲ ಅಂಜಿಕೆಯನ್ನೂ ಹೇಳುತ್ತೇನೆ ಅಂದಳು. ಒಂದೇ ಸಹಿಯ ಫಾರ್ಮ್ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ವಾಪಸ್ ಬಸ್ಸಿನಲ್ಲಿ ನಾನು ಮಾತೇ ಆಡಲಿಲ್ಲ. ಅರ್ಧ ದಾರಿ ಆದ ಮೇಲೆ ತಡೆಯದೆ ಕೇಳಿದೆ: "ನಿನ್ನೆನ ಯಾಕ ಹೇಳ್ಲಿಲ್ಲವಾ ನನಗ?"

ಪದ್ಮಾ ನನ್ನ ಕಡೆ ತಿರುಗಿದಳು.

"ಹೇಳಾಕ ಹತ್ತಿದ್ನಲ್ರಿ" ಅಂದಳು.

ಕಿಟಕಿಯ ಕಡೆ ತಿರುಗಿದೆ. ಹೊರಗೆ ನೋಡುವಂಥದ್ದೇನೂ ಇರಲಿಲ್ಲ. ನೋಡುತ್ತಲೇ ಇದ್ದೆ.

ಪಾಟೀಲ ಸರ್‌ಗೆ ಫೋನ್ ಮಾಡಿ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಇಲ್ಲ. "ಹತ್ತರಾಗ ಒಂದ ಒಂದ ಸಲ ಬಲಗೈಲೆ ಹಾಕವಾ ಅಂತ ನಾ ಅನಬೇಕಾಗಿತ್ತಲ್ರಿ ಮೇಡಂ? ಇಷ್ಟ ವರ್ಷ ಏನ ಕೋಚಿಂಗ್ ಮಾಡಿದ್ನೋ ಏನೋ" ಅಂದರು. ಶನಿವಾರ ಸಂಜೆ ಫಾರ್ಮ್ ಕೊಡುವ ಗಡುವು ಮುಗಿಯಿತು. ನಮ್ಮ ಪಟ್ಟಿ ಹಾಗೆಯೇ ಉಳಿಯಿತು. ಪದ್ಮಾ ಒಳಗೆ, ಪ್ರಾಚಿ ಹೊರಗೆ.

ಭಾನುವಾರ ಕ್ಯಾಂಪಿನ ತಂಡದ ಎದುರು ಏಳು ಪಾಯಿಂಟಿನಿಂದ ಸೋತೆವು. ಪದ್ಮಾ ಆರು ಪಾಯಿಂಟ್ ಮಾಡಿದಳು, ನಾಲ್ಕು ಫೌಲ್ ಮಾಡಿದಳು. ಪ್ರಾಚಿ ನನ್ನ ಪಕ್ಕ ಕೂತು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. ಖಾನಾಪುರದಿಂದ ಎರಡು ಟೆಂಪೋ ಬರಲಿಲ್ಲ. ನಾಮದೇವ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು.

ಆಟ ಮುಗಿಯುವ ಹೊತ್ತಿಗೆ ಹಿಂದೆ ಕೂತಿದ್ದ ಯಾರೋ ಒಬ್ಬರು ಪಕ್ಕದವರಿಗೆ ಹೇಳಿದ್ದು ಕೇಳಿಸಿತು.

"ಪ್ರಾಚಿನ್ನ ಯಾಕ ತಗೊಳ್ಳಲಿಲ್ಲ ಗೊತ್ತೇನ್ರಿ? ಆ ಪದ್ಮಾ ಏನೇನೋ ಹಚ್ಚಿಕೊಟ್ಟು ತನ್ನ ಜಾಗಾ ಉಳಿಸ್ಕೊಂಡಾಳಂತ."

ಕೇಳಿದಿರಲ್ಲ? ಸಹಿ ಮಾಡಿ ಜಾಗ ಬಿಟ್ಟು ಬಂದವಳ ಬಗ್ಗೆ ಈ ಮಾತು!

ನಾನು ತಿರುಗುವುದಕ್ಕೆ ಮೊದಲು ಪ್ರಾಚಿ ಎದ್ದು ನಿಂತಿದ್ದಳು. "ಆಕಿ ಅಲ್ರಿ, ನಾನ ಬ್ಯಾಡ ಅಂದೇನಿ. ನನ್ನ ಕಾಲಿನ್ನೂ ಅಂಜತೈತಿ" ಅಂದಳು, ಸುತ್ತ ಹತ್ತು ಮಂದಿಗೆ ಕೇಳುವಷ್ಟು ಗಟ್ಟಿಯಾಗಿ. ಶುಕ್ರವಾರದ ತನಕ ಯಾರೊಬ್ಬರಿಗೂ ಹೇಳಲಾಗದ ಮಾತನ್ನು ಗುರುತಿಲ್ಲದವರ ಮುಂದೆ ಹೇಳಿ, ಮತ್ತೆ ಕೂತು, ಪದ್ಮಾಳ ಹೆಸರು ಕೂಗತೊಡಗಿದಳು.

ಆ ಹಿಂದಿನ ಸಾಲಿನವರನ್ನು ಬೈಯಲು ನನಗೆ ಯಾವ ಅಧಿಕಾರ? ನಾವೆಲ್ಲ ದಿನಾ ಮಾಡುವುದು ಇದನ್ನೇ ಅಲ್ಲವೇ? ಅತ್ತೆಗೆ ಸಕ್ಕರೆ ಕಾಯಿಲೆ, ಹೋಳಿಗೆ ಬೇಡ ಅಂತ ಸೊಸೆ ಅಂದರೆ, ಉಣ್ಣಲು ಕೊಡುವ ಮನಸ್ಸಿಲ್ಲ ಅನ್ನುತ್ತೇವೆ. ಆಫೀಸಿನ ಹೊಸಬಳು ಮೇಲಿನವರ ತಪ್ಪು ತೋರಿಸಿದರೆ ಪ್ರಮೋಷನ್ ಮೇಲೆ ಕಣ್ಣು ಅನ್ನುತ್ತೇವೆ. ತಮ್ಮ ಬಂದು ಅಣ್ಣನ ಕುಡಿತದ ಬಗ್ಗೆ ಹೇಳಿದರೆ ಆಸ್ತಿಯ ವಾಸನೆ ಹಿಡಿಯುತ್ತೇವೆ. ಏನು ಹೇಳಿದರು ಅಂತ ಕೇಳುವುದೇ ಇಲ್ಲ. ಹೇಳಿದ್ದರಿಂದ ಅವರಿಗೇನು ಲಾಭ ಅಂತ ಮೊದಲು ಹುಡುಕುತ್ತೇವೆ. ನಾನಂತೂ ಅದನ್ನೂ ಪೂರ್ತಿ ಮಾಡಲಿಲ್ಲ. ಹುಡುಗಿ ಬಾಯಿ ತೆರೆಯುವ ಮೊದಲೇ ಬೆನ್ನು ತಟ್ಟಿ, ಸಾಂತ್ವನ ಹೇಳಿ, ಬಾಯಿ ಮುಚ್ಚಿಸಿದೆ. ಅದೂ ಎಷ್ಟು ಪ್ರೀತಿಯಿಂದ!

ಪ್ರಾಚಿಯ ಮೊಣಕಾಲು ಉಳಿಯಿತು. ಪದ್ಮಾಳ ಜಾಗವೂ ಉಳಿಯಿತು. ನಾವು ಸೋತೆವು, ಪರವಾಗಿಲ್ಲ, ಇನ್ನೂ ಎರಡು ಮ್ಯಾಚ್ ಇವೆ.

ಆದರೆ ಒಂದು ನಿಜ ಹೇಳುವುದಕ್ಕೆ ಮೊದಲು ತನ್ನ ಜಾಗ ಬಿಟ್ಟುಕೊಡಬೇಕು ಅಂತ ಹತ್ತೊಂಬತ್ತು ವರ್ಷದ ಹುಡುಗಿಗೆ ಅನ್ನಿಸಿತಲ್ಲ, ಹಾಗನ್ನಿಸುವಂತೆ ಮಾಡಿದವಳು ನಾನಲ್ಲದೆ ಇನ್ಯಾರು?